ಮೂರನೇ ಕೂಗು

ಕೆ.ಜಿ.ಎಫ್. ಕೋರ್ಟಿನಲ್ಲಿ ಹೆಸರು ಕೂಗುವ ಕೆಲಸ ಸೊಣ್ಣಪ್ಪನದು. ಆಳು ಬಡಕಲು, ಗಂಟಲು ಮಾತ್ರ ಗಣಿಯ ಸೈರನ್ನಿನಂಥದ್ದು. ವರಾಂಡದಲ್ಲಿ ನಿಂತು ಒಂದೇ ಅಳತೆಯಲ್ಲಿ ಮೂರು ಸಲ ಕೂಗುವನು. ಇಪ್ಪತ್ತು ವರ್ಷದಲ್ಲಿ ಎರಡಕ್ಕೆ ನಿಲ್ಲಿಸಿದವನಲ್ಲ, ನಾಲ್ಕಕ್ಕೆ ಹೋದವನಲ್ಲ. ಅದರ ಬಗ್ಗೆ ಕೊಂಚ ಜಂಬವೂ ಇತ್ತೆನ್ನಿ.

೧೯೮೩ರಲ್ಲಿ ಬೇತಮಂಗಲದ ಕಡೆಯ ಮುನಿಗಂಗಮ್ಮ ಬರತೊಡಗಿದಳು. ಹೊಲದ ಬದುವಿನ ಮೇಲೆ ಹಸು ಹೊಡೆದುಕೊಂಡು ಹೋದ ಜಗಳದಲ್ಲಿ ಪಕ್ಕದ ಹೊಲದ ವೆಂಕಟೇಶಪ್ಪ ನಾಲ್ಕು ಜನರ ಮುಂದೆ ಅವಳ ಕೆನ್ನೆಗೆ ಹೊಡೆದಿದ್ದ. ಅಷ್ಟು ಸಣ್ಣ ಏಟಿಗೆ ಪೊಲೀಸರು ಕೇಸು ಹಾಕುವುದಿಲ್ಲ. ಅವಳೇ ಕೋರ್ಟಿಗೆ ದೂರು ಕೊಟ್ಟಳು. ಇಂಥದ್ದಕ್ಕೆ ಸರ್ಕಾರಿ ವಕೀಲರೂ ಇರುವುದಿಲ್ಲ. ದೂರು ಕೊಟ್ಟವಳೇ ಪ್ರತಿ ವಾಯಿದೆಗೂ ಬಂದು ನಿಲ್ಲಬೇಕು. ಮೂರು ಕೂಗಿಗೂ ಬರದಿದ್ದರೆ ಹೊಡೆದವನು ಖುಲಾಸೆ.

"ಅವ್ವ ಸತ್ಮೇಲೆ ನನ್ನ ಎಸರು ಇಡ್ದು ಕೂಗೋರು ನೀವೊಬ್ರೇ ಸಾಮಿ," ಎಂದಳು ಒಂದು ದಿನ, ವರಾಂಡದಲ್ಲಿ ಕಾಯುತ್ತಾ. "ಊರಾಗೆಲ್ಲ ಬಚ್ಚಪ್ಪನ ಎಂಡ್ರು ಅಂತಾರೆ, ಅಷ್ಟೇ."

ಸೊಣ್ಣಪ್ಪ ಪಟ್ಟಿ ನೋಡುವವನಂತೆ ತಲೆ ತಗ್ಗಿಸಿದ.

ಏಳನೇ ವಾಯಿದೆಯ ದಿನ ಬೇತಮಂಗಲದ ಬಸ್ಸು ಬರಲೇ ಇಲ್ಲ. ಸೊಣ್ಣಪ್ಪ ಒಮ್ಮೆ ಕೂಗಿದ, ಎರಡು ಸಲ ಕೂಗಿದ. ಒಳಗೆ ವೆಂಕಟೇಶಪ್ಪ ಆಗಲೇ ಗೆದ್ದವನಂತೆ ಮೀಸೆ ನೀವುತ್ತಿದ್ದ. ಮ್ಯಾಜಿಸ್ಟ್ರೇಟರು ಪೆನ್ನು ತೆಗೆದರು. ಸೊಣ್ಣಪ್ಪ ಗೇಟಿನತ್ತ ನೋಡಿದ. ಆರು ಸಲ ಬಂದವಳ ಮರ್ಯಾದೆ ಒಂದು ಕೆಟ್ಟ ಬಸ್ಸಿನ ಪಾಲಾಗಬೇಕೇ?

ಮೂರನೇ ಕೂಗು ಶುರುವಾಯಿತು. ಮುನಿಗಂಗಮ್ಮಾ ಎಂದು ಎಳೆದ. ಬಚ್ಚಪ್ಪನ ಹೆಂಡತಿ ಎಂದ. ಊರು ಹೇಳಿದ, ಹೋಬಳಿ ಹೇಳಿದ, ತಾಲ್ಲೂಕು ಹೇಳಿದ. ಅದನ್ನೇ ತೆಲುಗಿನಲ್ಲಿ ಹೇಳಿದ, ತಮಿಳಿಗೆ ಇಳಿದ.

"ಏನಯ್ಯಾ, ಇನ್ನೂ ಮುಗೀಲಿಲ್ವಾ?" ಒಳಗಿನಿಂದ ಮ್ಯಾಜಿಸ್ಟ್ರೇಟರು ಕೇಳಿದರು.

"ಇದು ಮೂರನೇದೇ ಸ್ವಾಮಿ, ನಡೀತಾ ಐತೆ."

ಬಸ್ಸಿಲ್ಲದೆ ನಡೆದೇ ಬಂದ ಮುನಿಗಂಗಮ್ಮ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೇಟಿನಿಂದ ಓಡಿಬಂದಳು. "ಇದೀನಿ ಸಾಮೀ!"

ವಕೀಲರಿಲ್ಲದ್ದರಿಂದ ಮ್ಯಾಜಿಸ್ಟ್ರೇಟರು ಅವಳನ್ನೇ ಮುಂದೆ ಕರೆದು, ನಡೆದದ್ದನ್ನು ಹೇಳಿಸಿದರು. ಅವಳು ಏದುಸಿರಿನಲ್ಲೇ ಎಲ್ಲ ಹೇಳಿದಳು. ಅವಳ ಮುಖ ನೋಡಿ ವೆಂಕಟೇಶಪ್ಪನ ಮೀಸೆ ಇಳಿಯಿತು.

"ಒಡ್ದಿದ್ದು ನಿಜ ಸಾಮಿ. ತಪ್ಪಾಯ್ತು."

ಅವನಿಗೆ ದಂಡ ಬಿತ್ತು, ಕೇಸು ಅಲ್ಲಿಗೆ ಮುಗಿಯಿತು. ಮುನಿಗಂಗಮ್ಮ ಹೊರಗೆ ಬಂದು ಸೊಣ್ಣಪ್ಪನ ಪಕ್ಕ ನಿಂತಳು. "ಇನ್ ಕೂಗಲ್ವಾ ಸಾಮಿ?"

"ಕೇಸೇ ಮುಗೀತಲ್ಲಮ್ಮ," ಎಂದ ಸೊಣ್ಣಪ್ಪ. ಪಾಪ, ಅವನಿಗೂ ಸಂಕಟವೇ.

ಅವಳು ತಲೆಯಾಡಿಸಿ ರಸ್ತೆಯತ್ತ ನಡೆದಳು. ಗೇಟು ದಾಟುವಾಗ ವರಾಂಡದಿಂದ ಕೂಗು ಬಂತು, ಪಟ್ಟಿಯಲ್ಲಿ ಇಲ್ಲದ ಕೂಗು.

"ಮುನಿಗಂಗಮ್ಮಾ..."

ಅವಳು ತಿರುಗಿದಳು. "ಇದೀನಿ ಸಾಮಿ," ಎಂದಳು.