ಎದುರುಮನೆ ಅಕ್ಕ ಹೇಳಿದ ಸಿನಿಮಾ

ಕಳೆದ ವಾರ ಬಳ್ಳಾರಿಯಿಂದ ರಾಯದುರ್ಗಕ್ಕೆ ಬರುವ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಜೀನ್ಸ್ ಪ್ಯಾಂಟುಗಳ ಗಂಟೊಂದು ಬಂದು ಕೂತಿತು. ಅದನ್ನು ತಂದವನು ಡ್ರೈವರ್ ಪಕ್ಕದಲ್ಲಿ ಹೇಗೋ ಜಾಗ ಮಾಡಿಕೊಂಡ. ಇನ್ನೂ ನೀರು ಕಾಣದ ಬಟ್ಟೆ. ಗಂಜಿ ಮತ್ತು ನೀಲಿ ಬಣ್ಣ ಬೆರೆತು ಮೂಗಿಗೆ ಖಾರವಾಗಿ ತಾಗುವ ಆ ವಾಸನೆ... ಊರು ಇನ್ನೂ ಅರ್ಧ ದಾರಿ ಇರುವಾಗಲೇ ನನಗೆ ಎದುರುಮನೆ ಅಕ್ಕನ ಮೇಲೆ ಹೊಟ್ಟೆಕಿಚ್ಚು ಶುರುವಾಗಿತ್ತು. ಆಕೆ ತೀರಿಕೊಂಡು ವರ್ಷಗಳಾಗಿವೆ.

ನಮ್ಮ ಓಣಿಯಲ್ಲಿ ಮನೆಗೊಂದು ಹೊಲಿಗೆ ಮಷಿನ್ ಸದ್ದು ಮಾಡುತ್ತಿದ್ದ ಕಾಲ ಅದು. ಜೀನ್ಸ್ ಹೊಲಿಯುವ ಯೂನಿಟ್ಟುಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಅಕ್ಕ ಮತ್ತು ಆಕೆಯ ಗಂಡ ಬಂದದ್ದು ಮಡಕಶಿರದ ಕಡೆಯಿಂದ, ರತ್ನಗಿರಿ ಕೋಟೆಯ ಹತ್ತಿರದ ಒಂದು ಹಳ್ಳಿಯಿಂದ. ಗಂಡ ಯೂನಿಟ್ಟಿನಲ್ಲಿ ಮಷಿನ್ ಮುಂದೆ ಕೂರುತ್ತಿದ್ದ. ಅಕ್ಕ ಹೊಲಿದು ಮುಗಿದ ಪ್ಯಾಂಟುಗಳ ಗಂಟನ್ನು ಹೊತ್ತು ತಂದು ತನ್ನ ಮನೆಯ ಕಟ್ಟೆಯ ಮೇಲೆ ಸುರಿಯುತ್ತಿದ್ದಳು. ಓಣಿಯ ಆರೇಳು ಹೆಂಗಸರು ಅದರ ಸುತ್ತ ಕೂತು, ಹೊಲಿಗೆಯ ತುದಿಯಲ್ಲಿ ಉಳಿದ ದಾರಗಳನ್ನು ಚಿಕ್ಕ ಕತ್ತರಿಯಿಂದ ಕತ್ತರಿಸಿ ಹಾಕುತ್ತಿದ್ದರು. ನನ್ನ ಹೆಂಡತಿಯೂ ಅವರಲ್ಲಿ ಒಬ್ಬಳು. ಮೂಲೆಮನೆಯ ಸೊಸೆ ಇನ್ನೊಬ್ಬಳು. ಅವಳ ಗಂಡ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದ. ಮೊದಮೊದಲು ಅವನಿಂದ ಕಾಗದ ಬರುತ್ತಿತ್ತು, ಆಮೇಲೆ ನಿಂತಿತ್ತು.

ಕೈ ಕತ್ತರಿಯ ಮೇಲಿದ್ದರೂ ಬಾಯಿ ಸಿನಿಮಾದ ಮೇಲಿರುತ್ತಿತ್ತು. ಯೂನಿಟ್ಟಿಗೆ ರಜೆ ಇದ್ದ ದಿನ ಅಕ್ಕ ತಪ್ಪದೆ ಮ್ಯಾಟ್ನಿಗೆ ಹೋಗುತ್ತಿದ್ದಳು. ಮರುದಿನ ಆ ಸಿನಿಮಾ ಕಟ್ಟೆಯ ಮೇಲೆ ಮತ್ತೊಮ್ಮೆ ನಡೆಯುತ್ತಿತ್ತು. ಅದಕ್ಕೆ ಆಕೆಯದೇ ಒಂದು ನಿಯಮವಿತ್ತು: ಒಂದು ಪ್ಯಾಂಟಿಗೆ ಒಂದು ಸೀನು. ಎಲ್ಲರ ಕೈಯಲ್ಲಿದ್ದ ಪ್ಯಾಂಟು ಮುಗಿದು ಪಕ್ಕಕ್ಕೆ ಹೋಗುವವರೆಗೆ ಮುಂದಿನ ಸೀನು ಬಾಯಿಂದ ಹೊರಡುತ್ತಿರಲಿಲ್ಲ. ಯಾರದಾದರೂ ಕೈ ನಿಧಾನವಾದರೆ ಉಳಿದವರೇ ಅವಳನ್ನು ಗದರಿಸುತ್ತಿದ್ದರು. "ಲಗೂನ ಮುಗಿಸೇ ತಾಯಿ, ಹೀರೋ ಬಾವ್ಯಾಗ ನೇತಾಡಾಕತ್ಯಾನ!"

ನಾನು ಆಗ ಬಳ್ಳಾರಿಯಿಂದ ಬರುತ್ತಿದ್ದ ಒಂದು ಕನ್ನಡ ಪತ್ರಿಕೆಗೆ ರಾಯದುರ್ಗದ ಸುದ್ದಿ ಕಳಿಸುತ್ತಿದ್ದೆ. ಬಸ್ ಪಲ್ಟಿ, ಶೇಂಗಾ ಧಾರಣೆ, ಮಂತ್ರಿಯ ಭೇಟಿ ಇಂಥವೇ ಹೆಚ್ಚು. ಅದರ ಜೊತೆ ಗಡಿಭಾಗದ ಪುಟದಲ್ಲಿ ಪ್ರತಿ ಭಾನುವಾರ ಸಿನಿಮಾ ವಿಮರ್ಶೆಯ ಒಂದು ಅಂಕಣ ಸಿಕ್ಕಿತ್ತು. ನನ್ನ ಹೆಸರು ಅಚ್ಚಾಗುತ್ತಿದ್ದುದು ಅಲ್ಲಿ ಮಾತ್ರ. ಅದಕ್ಕಾಗಿ ಥಿಯೇಟರಿನವರು ಪಾಸ್ ಕೊಟ್ಟಿದ್ದರು. ಕತ್ತಲಲ್ಲಿ ಕೂತು ಟಿಪ್ಪಣಿ ಮಾಡಿಕೊಳ್ಳುತ್ತಿದ್ದೆ. ಪಾತ್ರಧಾರಿಗಳ ಹೆಸರಿನಲ್ಲಿ ಒಂದು ತಪ್ಪೂ ಬಾರದಂತೆ ಎರಡೆರಡು ಸಲ ನೋಡುತ್ತಿದ್ದೆ. "ಛಾಯಾಗ್ರಹಣ ಹಿತವಾಗಿದೆ, ದ್ವಿತೀಯಾರ್ಧ ಕೊಂಚ ನಿಧಾನ" ಎಂದು ತೂಗಿ ಬರೆಯುತ್ತಿದ್ದೆ.

ನನ್ನ ಹೆಂಡತಿ ಅದನ್ನು ಓದಿ ಮಡಚಿಟ್ಟು ಒಮ್ಮೆ ಹೇಳಿದಳು. "ನಿಮ್ಮದು ಓದಿದ ಮ್ಯಾಲೂ ನೋಡಬೇಕೋ ಬ್ಯಾಡೋ ಗೊತ್ತಾಗಂಗಿಲ್ರಿ. ಅಕ್ಕನ್ನ ಕೇಳಿಬರ್ತೀನಿ ತಡೀರಿ."

ಅಂದಿನಿಂದ ನಾನು ಕಿಟಕಿಯ ಪಕ್ಕ ಮೇಜು ಹಾಕಿಕೊಂಡೆ. ಬೆಳಕು ಚೆನ್ನಾಗಿ ಬರುತ್ತದೆ ಎಂದು ಮನೆಯಲ್ಲಿ ಕಾರಣ ಹೇಳಿದ್ದೆ. ಕಟ್ಟೆಯ ಮಾತೆಲ್ಲ ಅಲ್ಲಿಗೆ ಸ್ಪಷ್ಟವಾಗಿ ಕೇಳುತ್ತಿತ್ತು.

ಊರೆಲ್ಲ ಹೊಗಳುತ್ತಿದ್ದ ಒಂದು ಹೊಸ ಸಿನಿಮಾ ನೋಡಿ ಬಂದು ಅಕ್ಕ ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಏನ್ ಸಿನ್ಮಾನೋ ಕಣ್ರಮ್ಮ, ಮೂರು ಗಂಟೆ ಹೊತ್ತು ಒಬ್ಬನಾದ್ರೂ ಒಂದು ತುತ್ತು ಉಣ್ಲಿಲ್ಲ. ಹಸಿವೇ ಇಲ್ದಿದ್ ಜನದ ಕಷ್ಟ ನಾವ್ ಯಾಕೆ ಕೇಳ್ಬೇಕು?"

"ಹಾಡು ಚಲೋ ಅದಾವಂತಲ್ಲಕ್ಕ?" ಎಂದು ನನ್ನ ಹೆಂಡತಿ ಕೇಳಿದಳು.

"ಹಾಡು ಚೆನ್ನಾಗವೆ. ಅವ್ಳು ಅಳೋದೇ ಚೆನ್ನಾಗಿಲ್ಲ. ಹಳೇ ಸಿನ್ಮಾದಾಗೆ ಅಳು ಬಂದ್ರೆ ಸೆರಗು ಹುಡುಕೋರು. ಇವ್ಳು ಕ್ಯಾಮೆರಾ ಎಲ್ಲೈತೆ ಅಂತ ಹುಡುಕ್ತಾಳೆ."

ಕಟ್ಟೆಯೆಲ್ಲ ನಕ್ಕಿತು. ನಾನೂ ಅದೇ ಸಿನಿಮಾ ನೋಡಿದ್ದೆ, ನಾಲ್ಕು ಪುಟ ಟಿಪ್ಪಣಿ ಮಾಡಿದ್ದೆ. ಯಾರೂ ಊಟ ಮಾಡಲಿಲ್ಲ ಎಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ತೆಲುಗು ಶಾಲೆಯಲ್ಲಿ ಐದನೇ ತರಗತಿವರೆಗೆ ಓದಿದ ಹೆಂಗಸು, ಮಡಿಲ ತುಂಬ ನೀಲಿ ದಾರದ ತುಂಡು ಹಾಕಿಕೊಂಡು, ಒಂದು ಪ್ಯಾಂಟು ಮುಗಿಯುವಷ್ಟರಲ್ಲಿ ನನ್ನ ನಾಲ್ಕು ಪುಟವನ್ನು ಬದಿಗೆ ಸರಿಸಿದ್ದಳು. ಆ ಮಧ್ಯಾಹ್ನ ನನಗೆ ಆದದ್ದನ್ನು ಮೆಚ್ಚುಗೆ ಎಂದು ಬರೆದರೆ ಸುಳ್ಳಾಗುತ್ತದೆ.

ಆ ಭಾನುವಾರದ ವಿಮರ್ಶೆಗೆ "ಯಾರೂ ಊಟ ಮಾಡದ ಸಿನಿಮಾ" ಎಂದು ತಲೆಬರಹ ಕೊಟ್ಟೆ. ಸಂಪಾದಕರು ಮೊದಲ ಸಲ ತಾವಾಗಿಯೇ ಫೋನ್ ಮಾಡಿ, ಹೀಗೆ ಬರೆಯಬೇಕು ನೋಡಿ ಎಂದರು. ಹೆಂಡತಿ ಓದಿ ತಲೆಯೆತ್ತಿದಳು.

"ಇದು ಅಕ್ಕಂದಲ್ಲೇನ್ರಿ?"

"ನೋಡಿದೋರಿಗೆಲ್ಲ ಹಂಗ ಅನಸ್ತೈತಿ" ಎಂದೆ.

ಅವಳು ಮತ್ತೆ ಕೇಳಲಿಲ್ಲ. ಅಕ್ಕನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅದು ನನಗೆ ಅನುಕೂಲವಾಯಿತು. ಮುಂದಿನ ಕೆಲವು ತಿಂಗಳು ಆಕೆಯ ಮಾತನ್ನೇ ಬರೆದೆ, ನನ್ನ ಅಂಕಣಕ್ಕೆ ಓದುಗರ ಪತ್ರಗಳು ಬರತೊಡಗಿದವು. ಚಹಾದಂಗಡಿಯಲ್ಲಿ ಜನ ನನ್ನ ಸಾಲುಗಳನ್ನು ನನಗೇ ಹೇಳುತ್ತಿದ್ದರು. ಸಂತೋಷವಾಗಬೇಕಿತ್ತು... ಒಂದೊಂದು ಹೊಗಳಿಕೆಯೂ ಎದುರುಮನೆಗೆ ಸಲ್ಲಬೇಕಾದದ್ದು ತಪ್ಪಿ ನನ್ನ ಬಾಗಿಲಿಗೆ ಬಂದಂತೆ ಇತ್ತು. ಕದ್ದ ಮೇಲೆ ಕಿಚ್ಚು ಕಡಿಮೆಯಾಗುತ್ತದೆ ಎಂದುಕೊಂಡಿದ್ದೆ, ಹೆಚ್ಚಾಯಿತು.

ಆಮೇಲೆ ಆ ಸಿನಿಮಾ ಬಂತು. ಕೆಲಸಕ್ಕೆಂದು ಬಂದರಿನ ಊರಿಗೆ ಹೋದ ಗಂಡ, ದಿನವೂ ರೈಲ್ವೆ ಸ್ಟೇಷನ್ನಿಗೆ ಹೋಗಿ ಕಾಯುವ ಹೆಂಡತಿ, ಇಷ್ಟೇ ಕಥೆ. ಆ ವಾರ ಮಂತ್ರಿಯ ಪ್ರವಾಸದ ಹಿಂದೆ ಸುತ್ತಿ ನನಗೆ ಥಿಯೇಟರಿಗೆ ಹೋಗಲಾಗಲಿಲ್ಲ. ಗುರುವಾರ ಸಂಜೆಯೊಳಗೆ ಬರಹ ಕಳಿಸಬೇಕಿತ್ತು. ಗುರುವಾರ ಮಧ್ಯಾಹ್ನ ಕಟ್ಟೆಯ ಮೇಲೆ ಅಕ್ಕ ಅದನ್ನು ಹೇಳತೊಡಗಿದಳು. ನಾನು ಕಿಟಕಿಯ ಪಕ್ಕ ಪೆನ್ನು ಹಿಡಿದು ಕೂತೆ.

ಕೊನೆಯ ಸೀನಿಗೆ ಬಂದಾಗ ಕತ್ತರಿಗಳ ಸದ್ದು ನಿಂತಿತ್ತು. ಅಕ್ಕ ಮೊದಲ ಬಾರಿಗೆ ತನ್ನ ನಿಯಮ ಮರೆತಿದ್ದಳು. "ಕಡೇ ಗಾಡಿ ಬತ್ತದೆ. ಎಲ್ಲಾರೂ ಇಳೀತಾರೆ, ಅವ್ನಿಲ್ಲ. ಇವ್ಳು ಎದ್ದು ಹೊರಡ್ತಾಳೆ. ಹಿಂದಿನ್ ಡಬ್ಬಿಯಿಂದ ಒಬ್ಬ ಗಡ್ಡದೋನು ಇಳೀತಾನೆ, ಸೊರಗಿ ಕಡ್ಡಿ ಆಗವ್ನೆ. ಇವ್ಳು ಬೈಯಲ್ಲ, ಅಳಲ್ಲ, ಇಷ್ಟು ದಿನ ಎಲ್ಲಿದ್ದೆ ಅಂತಾನೂ ಕೇಳಲ್ಲ ಕಣ್ರಮ್ಮ. ಹತ್ರ ಹೋಗಿ, 'ಉಂಡ್ಯಾ?' ಅಂತಾಳೆ. ಅಷ್ಟೇ, ಮುಗೀತು."

ಮೂಲೆಮನೆಯ ಸೊಸೆ ಮೂಗು ಒರೆಸಿಕೊಂಡ ಸದ್ದು ನನಗೆ ಕೇಳಿಸಿತು. ಅದನ್ನು ನಾನು ಸಿನಿಮಾದ ಯಶಸ್ಸಿನ ಲೆಕ್ಕಕ್ಕೆ ಸೇರಿಸಿಕೊಂಡೆ. ವಿಮರ್ಶೆಯಲ್ಲಿ ಕೊನೆಯ ಗುಟ್ಟನ್ನು ಬಿಟ್ಟುಕೊಡಬಾರದು ಎಂಬುದು ನನ್ನದೇ ಶಿಸ್ತು. ಆ ದಿನ ಅದನ್ನು ಮುರಿದೆ. ಆ ಒಂದು ಪ್ರಶ್ನೆಯ ಮೇಲೆಯೇ ಇಡೀ ಅಂಕಣ ಕಟ್ಟಿದೆ. ಭಾನುವಾರ ಅಚ್ಚಾದದ್ದನ್ನು ಓದಿಕೊಂಡಾಗ, ಇಷ್ಟು ಚೆನ್ನಾಗಿ ನಾನು ಎಂದೂ ಬರೆದಿಲ್ಲ ಅನಿಸಿತು.

ಹತ್ತು ಗಂಟೆಗೆ ಚಹಾದಂಗಡಿಗೆ ಹೋದೆ. ಅಲ್ಲಿ ಕೂತಿದ್ದವನೊಬ್ಬ ಪತ್ರಿಕೆಯನ್ನು ಬೀಸಣಿಗೆಯಂತೆ ಆಡಿಸುತ್ತ ಕೇಳಿದ. "ಏನ್ ಸಾರ್, ನಿಮಗಂತ ಬ್ಯಾರೆ ರೀಲ್ ಹಾಕಿದ್ರೇನ್ರಿ ಥಿಯೇಟರ್‌ನೋರು? ನಾ ನೋಡಿದ್ರಾಗ ಆ ಗಂಡ ಬರಂಗೇ ಇಲ್ಲಲ್ರಿ. ಖಾಲಿ ಪ್ಲಾಟ್‌ಫಾರಂ ತೋರಿಸಿ ಬಿಟ್ರು."

ಅಂಗಡಿಯ ತುಂಬ ನಗು. ನಾನು ಚಹಾ ಕುಡಿಯದೆ ಎದ್ದು ಬಂದೆ.

ಸೋಮವಾರ ಬೆಳಿಗ್ಗೆ ಸಂಪಾದಕರ ಫೋನ್ ಬಂತು. "ಸಿನಿಮಾ ನೋಡಿದ್ದೀರಾ?" ಅಷ್ಟೇ ಕೇಳಿದರು. ಸುಳ್ಳು ಹೇಳಲು ಸಮಯವಿತ್ತು. ಇಲ್ಲ ಎಂದೆ. ಮರುದಿನ ತಿದ್ದುಪಡಿ ಹಾಕುತ್ತೇವೆ, ಅಂಕಣ ಇನ್ನು ಬೇರೆಯವರು ಬರೆಯುತ್ತಾರೆ, ನೀವು ಸುದ್ದಿ ಕಳಿಸುತ್ತಿರಿ ಎಂದರು. ದನಿ ಏರಿಸಲಿಲ್ಲ.

ನಾನು ಓಣಿ ದಾಟಿ ಎದುರುಮನೆಗೆ ಹೋದೆ. ಅಕ್ಕ ಒಬ್ಬಳೇ ಕಟ್ಟೆಯ ಮೇಲೆ ಗಂಟು ಬಿಚ್ಚುತ್ತಿದ್ದಳು. "ಬಾರಪ್ಪ ಪೇಪರಪ್ಪ" ಎಂದಳು, ಎಂದಿನಂತೆ.

"ಆ ಗಂಡ ಬರೋದೇ ಇಲ್ಲಂತಲ್ಲಕ್ಕ ಸಿನಿಮಾದಾಗ! ಯಾಕ ಬಂದ ಅಂತ ಹೇಳಿದಿ?"

ಆಕೆಗೆ ನನ್ನ ಮಾತು ತಲೆಗೆ ಹತ್ತಲು ಸ್ವಲ್ಪ ಹೊತ್ತು ಹಿಡಿಯಿತು. ಹತ್ತಿದಾಗ ಕಣ್ಣರಳಿಸಿ ಕೇಳಿದಳು. "ನೀನ್ ನೋಡ್ಲಿಲ್ವಾ? ನಿಂಗೆ ಪಾಸು ಐತಲ್ಲಪ್ಪ!"

ಆಮೇಲೆ ನನ್ನ ಕಿಟಕಿಯ ಕಡೆ ಒಮ್ಮೆ ನೋಡಿದಳು. ಅಲ್ಲಿಂದ ಎಲ್ಲ ಅರ್ಥವಾಗಿರಬೇಕು. ಕೋಪ ಬಂದಂತೆ ಕಾಣಲಿಲ್ಲ. ದನಿ ತಗ್ಗಿಸಿ ಮೂಲೆಮನೆಯ ಕಡೆ ಗದ್ದ ತೋರಿಸಿದಳು. "ಆ ಹುಡ್ಗಿ ಇಲ್ಲೇ ಕೂತಿರ್ತಾಳೆ. ಅವ್ಳ ಗಂಡ ಹೋಗಿ ಎಷ್ಟು ದಿನ ಆಯ್ತು, ನಿಂಗೂ ಗೊತ್ತೈತೆ. ಅವ್ಳ ಮುಖ ನೋಡ್ಕಂಡು 'ಬರ್ಲಿಲ್ಲ' ಅಂತ ಹೆಂಗಪ್ಪ ಹೇಳ್ಲಿ? ಬಾಯಿಗೆ ಬಂತು, ಬಂದ ಅಂದೆ." ಒಂದು ಪ್ಯಾಂಟು ಎತ್ತಿ ಕೊಡವಿದಳು. "ನಾನು ಏಳು ಜನಕ್ಕೆ ಹೇಳ್ದೆ. ಊರಿಗೆಲ್ಲ ಹೇಳು ಅಂತ ನಿಂಗ್ಯಾರು ಹೇಳಿದ್ರು?"

ಅಷ್ಟರಲ್ಲಿ ಮೂಲೆಮನೆಯ ಸೊಸೆ ಕತ್ತರಿ ಹಿಡಿದು ಬಂದಳು. ಊರಲ್ಲಿ ಎದ್ದ ಮಾತು ಅವಳ ಕಿವಿಗೂ ಬಿದ್ದಿತ್ತು. ಕಟ್ಟೆಯ ಮೇಲೆ ಕೂರದೆ ನನ್ನನ್ನೇ ನೋಡಿದಳು.

"ಅಣ್ಣಾ, ಜನ ಏನೇನೋ ಅಂತಾರ್ರಿ. ಪೇಪರ್‌ನಾಗ ನೀವು ಬರದೀರಂತ. ಅಂವ ಬರ್ತಾನ ಹೌದಿಲ್ರಿ ಕೊನಿಗೆ?"

ಅಕ್ಕ ನನ್ನ ಕಡೆ ನೋಡಲಿಲ್ಲ. ಕೈಯಲ್ಲಿದ್ದ ಪ್ಯಾಂಟಿನ ದಾರ ಹುಡುಕುತ್ತಿದ್ದಳು. ತಿದ್ದುಪಡಿ ಆಗಲೇ ಬಳ್ಳಾರಿಯಲ್ಲಿ ಸಿದ್ಧವಾಗುತ್ತಿತ್ತು.

"ಹೌದಮ್ಮ, ಬರ್ತಾನ" ಎಂದೆ.

ಸುದ್ದಿಮನೆಯ ಇಷ್ಟು ವರ್ಷಗಳಲ್ಲಿ, ತಪ್ಪೆಂದು ತಿಳಿದೂ ನಾನು ಕೊಟ್ಟ ವರದಿ ಅದೊಂದೇ. ಮರುದಿನ ಎರಡು ಸಾಲಿನ ತಿದ್ದುಪಡಿ ಅಚ್ಚಾಯಿತು. ಆ ಪುಟವನ್ನು ನನ್ನ ಹೆಂಡತಿ ಓಣಿಯಲ್ಲಿ ಯಾರ ಕೈಗೂ ಸಿಗದಂತೆ ತೆಗೆದಿಟ್ಟಳು. ನನ್ನ ಮಾನ ಉಳಿಸಲು ಇಟ್ಟಳೋ, ಅಕ್ಕನ ಮಾತು ಉಳಿಸಲೋ... ನಾನು ಕೇಳಲಿಲ್ಲ.

ನನ್ನ ಹೆಸರು ಮತ್ತೆ ಅಚ್ಚಾಗಲು ಬಹಳ ಕಾಲ ಹಿಡಿಯಿತು. ಕಟ್ಟೆಯ ಮೇಲಿನ ಸಿನಿಮಾ ಮಾತ್ರ ಒಂದು ದಿನವೂ ನಿಲ್ಲಲಿಲ್ಲ. ಕಿಟಕಿಯ ಪಕ್ಕದಿಂದ ಮೇಜು ತೆಗೆದೆ. ಆದರೂ ಕೇಳುತ್ತಿತ್ತು. ಮುಂದಿನ ವರ್ಷ ಆ ಯೂನಿಟ್ಟು ಮುಚ್ಚಿತು, ಅಕ್ಕ ಮತ್ತು ಗಂಡ ಮಡಕಶಿರಕ್ಕೆ ಹೊರಟರು. ಬಸ್ಸಿಗೆ ಬಿಟ್ಟುಬರಲು ಓಣಿಯ ಹೆಂಗಸರೆಲ್ಲ ಹೋಗಿದ್ದರು. ನಾನು ಕೆಲಸವಿದೆ ಎಂದು ಹೇಳಿ ಮನೆಯಲ್ಲೇ ಇದ್ದೆ. ಮೂಲೆಮನೆಯ ಸೊಸೆ ಕೆಲವು ದಿನಗಳ ನಂತರ ತಾನೇ ಬೆಂಗಳೂರಿನ ಬಸ್ಸು ಹತ್ತಿದಳು. ಅವನು ಸಿಕ್ಕನೋ ಇಲ್ಲವೋ ತಿಳಿಯಲಿಲ್ಲ. ಸಿಕ್ಕ ಎಂದವರೂ ಇದ್ದಾರೆ, ಇಲ್ಲ ಎಂದವರೂ ಇದ್ದಾರೆ.

ಬಹಳ ವರ್ಷಗಳ ಮೇಲೆ ಒಂದು ವರದಿಗಾಗಿ ರತ್ನಗಿರಿಗೆ ಹೋದಾಗ ಅಕ್ಕನ ಹಳ್ಳಿ ಹುಡುಕಿಕೊಂಡು ಹೋದೆ. ಆಕೆಯ ಅಂಕಣವನ್ನು ನಾನು ಬರೆಯುತ್ತಿದ್ದೆ ಎಂದು ಒಮ್ಮೆ ಬಾಯಿಬಿಟ್ಟು ಹೇಳಬೇಕಿತ್ತು. ಹಿಪ್ಪುನೇರಳೆ ಸೊಪ್ಪು ಹೊತ್ತು ಬರುತ್ತಿದ್ದ ಆಕೆಯ ನಾದಿನಿ ದಾರಿಯಲ್ಲೇ ನಿಂತು, ತೀರಿಹೋಗಿ ಎರಡು ವರ್ಷ ಆಯ್ತು ಎಂದಳು. ನಾನು ಯಾರೆಂದು ಕೇಳಿದಳು. ರಾಯದುರ್ಗದಲ್ಲಿ ಎದುರುಮನೆಯವನು ಎಂದೆ. ಬೇರೆ ಏನೂ ಹೇಳಲಾಗಲಿಲ್ಲ.

ಕಳೆದ ವಾರ ಬಸ್ಸಿಳಿದು ಮನೆಗೆ ಬಂದವನು ಆ ಗಂಟಿನ ವಿಷಯ ಹೆಂಡತಿಗೆ ಹೇಳಿದೆ. ಅವಳಿಗೆ ಆ ಸಿನಿಮಾ ನೆನಪಾಯಿತು. ಆಗ ನೋಡದೆ ಉಳಿದದ್ದನ್ನು ಈಗ ಫೋನಿನಲ್ಲಿ ಹುಡುಕಿದಳು, ಸಿಕ್ಕಿತು. ಇಬ್ಬರೂ ಕೂತು ನೋಡಿದೆವು. ನಾನು ಅದನ್ನು ಅಂಕಣ ಹೋದ ವಾರವೇ ಟಿಕೆಟ್ ಕೊಂಡು ನೋಡಿದ್ದೆ, ಎರಡು ಸಲ. ಒಳ್ಳೆಯ ಸಿನಿಮಾ. ಖಾಲಿ ಪ್ಲಾಟ್‌ಫಾರಂನ ಆ ಕೊನೆ ಕಥೆಗೆ ಸರಿಯಾಗಿಯೇ ಇದೆ. ವಿಮರ್ಶಕನಾಗಿ ನಾನು ಅದನ್ನು ಒಪ್ಪುತ್ತೇನೆ.

ಕೊನೆಯ ರೈಲು ಕಾಣಿಸಿಕೊಂಡಿತು. ಹೆಂಡತಿ ಫೋನ್ ಆರಿಸಿ ಮಗುಚಿಟ್ಟಳು.

"ಮುಂದ ನೋಡಂಗಿಲ್ಲೇನು?" ಎಂದೆ.

"ಮುಂದಿಂದು ಅಕ್ಕ ಹೇಳ್ಯಾಳಲ್ರಿ" ಎಂದು ಎದ್ದು ಒಳಗೆ ಹೋದಳು.

ನಾನು ಬರೆದದ್ದರಲ್ಲಿ ಒಂದು ಸಾಲನ್ನೂ ಅವಳು ಹೀಗೆ ಮನಸ್ಸಿನಲ್ಲಿ ಇಟ್ಟುಕೊಂಡದ್ದು ನನಗೆ ಗೊತ್ತಿಲ್ಲ. ಆ ಕಿಚ್ಚನ್ನು ಯಾರ ಬಾಗಿಲಿಗೆ ಒಯ್ಯಲಿ... ಎದುರಿನ ಮನೆಯಲ್ಲಿ ಈಗ ಬೇರೆ ಯಾರೋ ಇದ್ದಾರೆ.