ಬಂಪರ್ ಮೇಲೆ ಕೂತ ಒರಳುಕಲ್ಲು

ಇವತ್ತು ಬೆಳಿಗ್ಗೆ ಅಮ್ಮನ ಒರಳುಕಲ್ಲು ಹಿತ್ತಿಲಿಂದ ಹೊರಟು ಜೀಪಿನ ಬಂಪರ್ ಮೇಲೆ ಕೂತಿತು ಕಣ್ರೀ.

ಮಿಲಿಟರಿ ಹರಾಜಿನಲ್ಲಿ ತಂದ ಹಳೇ ಜೀಪು. ನಾನೂ ಭಾವನೂ ಅದನ್ನ ನಂದಿಬೆಟ್ಟದ ಹಳೇ ಕಲ್ಲುದಾರಿ ಹತ್ತಿಸೋಕೆ ಅಣಿ ಮಾಡ್ತಿದ್ದೀವಿ. ಯಲಹಂಕದ ನಮ್ಮ ಅಂಗಳದಿಂದ ಬೆಟ್ಟ ನೀಲಿಯಾಗಿ, ಯಾರೋ ಒಣಗೋಕೆ ಹಾಕಿ ಮರೆತ ಸೀರೆ ಥರ ಕಾಣುತ್ತೆ. ನೋಡ್ತಾ ಕೂತ್ರೆ ಕೈಯಲ್ಲಿರೋ ಸ್ಪ್ಯಾನರ್ ಮರೆತೇಹೋಗುತ್ತೆ.

ಟೈರಿನ ಗಾಳಿ ಸ್ವಲ್ಪ ಇಳಿಸಿದ್ವಿ. ಜಾರದಿರಲಿ ಅಂತ ಬಾವಿ ಹಗ್ಗ ಸುತ್ತಿದ್ವಿ. ಭಾವ ಅಂದ್ರು, "ಕಡಿದಾದ ಏರಲ್ಲಿ ಇದರ ಮೂತಿ ಮೇಲೇಳುತ್ತೆ. ಮುಂದೆ ಭಾರ ಬೇಕು." ಮನೇಲಿ ಅಷ್ಟು ಭಾರದ್ದು ಒರಳೊಂದೇ. ಸರಪಳಿ ಹಾಕಿ ಬಿಗಿದ್ವಿ.

ಅಮ್ಮ ನೆನೆಸಿದ ಅಕ್ಕಿ, ಉದ್ದು ಹಿಡ್ಕೊಂಡು ಬಂದ್ರು. "ಎಲ್ಲೋ ನನ್ನ ಒರಳು?"

ನಾನು ಬೆರಳು ತೋರಿಸಿದೆ.

"ನಿಮ್ಮ ಬೆಟ್ಟ ಎಲ್ಲೂ ಓಡಿಹೋಗಲ್ಲ. ನನ್ನ ಉದ್ದು ಹುಳಿ ಬರುತ್ತೆ," ಅಂದವರೇ ಅಲ್ಲೇ ನಿಂತು ರುಬ್ಬೋಕೆ ಶುರು ಮಾಡಿದ್ರು. ಆಮೇಲೆ ಭಾವನ ಕಡೆ ತಿರುಗಿ, "ನಿಂತು ರುಬ್ಬಿದ್ರೆ ಸೊಂಟ ನೋಯಲ್ಲ. ಇದು ಇನ್ಮೇಲೆ ಇಲ್ಲೇ ಇರಲಿ," ಅಂದ್ರು. ಅತ್ತೆಯ ಮಾತಿಗೆ ಭಾವ ಯಾವತ್ತೂ ಎದುರಾಡಿದವರಲ್ಲ.

ನಾನು ಜೀಪು ಹತ್ತಿ ಸ್ಟೇರಿಂಗ್ ಹಿಡಿದು ಕೂತೆ. ಒರಳಿನ ಗುಂಡು ತಿರುಗಿದ ಹಾಗೆಲ್ಲ ಜೀಪು ತೂಗ್ತಿತ್ತು. ಕಣ್ಣು ಮುಚ್ಚಿದೆ. ಉದ್ದು ನುಣ್ಣಗಾಗೋಷ್ಟರಲ್ಲಿ ಅರ್ಧ ಬೆಟ್ಟ ಹತ್ತಿದ್ದೆ.

ಇನ್ನೂ ಅಕ್ಕಿ ಬಾಕಿ ಇದೆ.