ಎಲೆ ಅಲ್ವಾ, ಎಂತ ಆಗ್ತದೆ

ಕಿಮೋದ ಎರಡನೆಯ ಸುತ್ತು ಮುಗಿಸಿ ಬಂಟ್ವಾಳದ ಮನೆಗೆ ಬಂದ ವಾರ, ಅನ್ನ ಬೇಯುವ ವಾಸನೆ ಬಂದರೂ ನನಗೆ ವಾಕರಿಕೆ. ನೋಡಲು ಬಂದವರೆಲ್ಲ ಇದ್ದಕ್ಕಿದ್ದಂತೆ ಪಂಡಿತರಾದರು. ಒಬ್ಬರು ಪಪ್ಪಾಯಿ ಎಲೆ ತಂದರು, ಇನ್ನೊಬ್ಬರು ಅಮೃತಬಳ್ಳಿ. ನಮ್ಮೂರ ಶಾಲೆಯ ವಿಜ್ಞಾನದ ಮೇಷ್ಟ್ರು ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಸತ್ವದ ಬಗ್ಗೆ ಮುಕ್ಕಾಲು ಗಂಟೆ ಪಾಠ ಮಾಡಿ, ಹೊರಡುವಾಗ ನನಗೆ ಯಾವ ಕ್ಯಾನ್ಸರ್ ಎಂದು ಕೇಳಿದರು.

ಇವರನ್ನೆಲ್ಲ ಮೀರಿಸಿದವರು ಶಿರ್ತಾಡಿಯಲ್ಲಿರುವ ನನ್ನ ಗಂಡನ ಅಕ್ಕ. ಯಾವುದೋ ವೀಡಿಯೊ ನೋಡಿ, ಚೀಲದ ತುಂಬ ಸೀತಾಫಲದ ಜಾತಿಯ ಲಕ್ಷ್ಮಣಫಲದ ಎಲೆ ಹಿಡಿದು ಬಸ್ಸಿಳಿದರು. ಬಂದವರೇ ಅಡುಗೆಮನೆಗೆ ನುಗ್ಗಿ ಕಷಾಯಕ್ಕಿಟ್ಟರು.

"ಡಾಕ್ಟರತ್ರ ಒಮ್ಮೆ ಕೇಳುವ ಅಕ್ಕ," ಎಂದೆ.

"ಅವರಿಗೆ ಇದೆಲ್ಲ ಎಂತ ಗೊತ್ತುಂಟು? ಎಲೆ ಅಲ್ವಾ, ಎಂತ ಆಗ್ತದೆ? ಕುಡಿ ಮಾರಾಯ್ತಿ."

ಹಾಗೆನ್ನುವಾಗ ಅವರ ಕೈಯಲ್ಲಿ ಮಂಡಿನೋವಿನ ಮಾತ್ರೆಯಿತ್ತು. ಮಂಡಿಗೆ ಎಲೆ ಯಾಕೆ ಆಗುವುದಿಲ್ಲ ಎಂದು ಕೇಳುವಷ್ಟು ತ್ರಾಣ ನನಗಿರಲಿಲ್ಲ. ಅವರು ಹೋದ ಮೇಲೂ ನಾನೇ ಕುದಿಸಿ ದಿನಕ್ಕೆರಡು ಲೋಟದಂತೆ ಹತ್ತು ದಿನ ಕುಡಿದೆ. ವಾಂತಿ ನಿಲ್ಲಲಿಲ್ಲ, ಹಸಿರಾಯಿತು ಅಷ್ಟೆ.

ಮೂರನೆಯ ಸುತ್ತಿಗೆ ಮೊದಲು ರಕ್ತಪರೀಕ್ಷೆಯ ಚೀಟಿ ನೋಡಿದ ಡಾಕ್ಟರಮ್ಮ ಲಿವರ್ ಸರಿಯಿಲ್ಲ ಎಂದರು. "ಬೇರೆ ಎಂತಾದರೂ ತಗೊಳ್ತಾ ಇದ್ದೀರಾ?"

"ಇಲ್ಲ," ಎಂದರು ನನ್ನ ಗಂಡ, ಅಕ್ಕನ ಮಾನ ಕಾಯಲು.

ನಾನು ಎಲ್ಲ ಹೇಳಿಬಿಟ್ಟೆ. ಡಾಕ್ಟರಮ್ಮ ಬೈಯಲಿಲ್ಲ. "ಶುಂಠಿ ಸ್ವಲ್ಪ ತಗೊಳ್ಳಿ, ಕೆಲವರಿಗೆ ವಾಕರಿಕೆ ಕಮ್ಮಿ ಆಗ್ತದೆ. ಉಳಿದದ್ದು ಬೇಡ. ನಿಮಗೆ ಕೊಡುವ ಕಿಮೋದ ಮದ್ದು ಕೂಡ ಮೊದಲು ಸಿಕ್ಕಿದ್ದು ಒಂದು ಮರದ ತೊಗಟೆಯಲ್ಲಿ. ಆದರೆ ಅದಕ್ಕೊಂದು ಅಳತೆ ಉಂಟು."

ಕಿಮೋ ಎರಡು ವಾರ ಮುಂದೆ ಹೋಯಿತು. ಆ ಎರಡು ವಾರ ನಾನು ಹೆದರಿದಷ್ಟು ಕಾಯಿಲೆ ಗೊತ್ತಾದ ದಿನವೂ ಹೆದರಿರಲಿಲ್ಲ. ಫೋನಿನಲ್ಲಿ ವಿಷಯ ತಿಳಿಸಿದಾಗ ಅಕ್ಕ, "ನೀನು ಸರಿ ಕುದಿಸಿರಲಿಕ್ಕಿಲ್ಲ," ಎಂದರು.

ಚಿಕಿತ್ಸೆ ಮುಗಿದು ಕೂದಲು ಬಂದ ಮೇಲೆ ಬೆಳ್ತಂಗಡಿಯ ಒಂದು ಮದುವೆಗೆ ಹೋದೆವು. ಅಕ್ಕ ನನ್ನ ಕೈ ಹಿಡಿದು ನೆಂಟರ ನಡುವೆ ನಿಲ್ಲಿಸಿ, "ನನ್ನ ಕಷಾಯದಲ್ಲೇ ಎದ್ದು ಕೂತವಳು," ಎಂದರು. ತಾಯಿಗೆ ಕಿಮೋ ನಡೆಯುತ್ತಿದ್ದ ಹೆಂಗಸೊಬ್ಬಳು, ಎಷ್ಟು ಎಲೆ ಹಾಕಬೇಕು ಎಂದು ಕೇಳಿದಳು. ಎಲ್ಲರೆದುರೇ ಲಿವರಿನ ಕತೆ ಹೇಳಿದೆ. ನಿಮ್ಮ ಡಾಕ್ಟರನ್ನು ಕೇಳದೆ ಏನೂ ಕೊಡಬೇಡಿ ಎಂದೆ.

ಅಕ್ಕ ಆ ದಿನ ನನ್ನ ಪಂಕ್ತಿಯಲ್ಲಿ ಊಟಕ್ಕೆ ಕೂರಲಿಲ್ಲ. ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ.